ಹೋಸ್ಟ್ ಫ್ಯಾಮಿಲಿ ಮನೆಗೆ ಬಂದು ಐದು ವಾರ ಆಯ್ತು, ಇನ್ನೂ ನೆಂಟರ ಥರಾನೇ ಇದೀನಿ, ಮನೆ ಬದಲಾಯಿಸ್ಲಾ?

ಬೆಳ್ಳಕ್ಕಿ

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಏನಾದ್ರೂ ಹೇಳಿ ಪ್ಲೀಸ್.

ಹತ್ತು ತಿಂಗಳ ವಾಲಂಟಿಯರ್ ಪ್ರೋಗ್ರಾಂಗೆ ಅಂತ ಹೊರದೇಶಕ್ಕೆ ಬಂದಿದೀನಿ. ಚಿಕ್ಕ ಊರು, ಅಲ್ಲೊಂದು ಶಾಲೆ, ಶಾಲೆಯ ಲೈಬ್ರರಿ ಸರಿಮಾಡೋದು ಮತ್ತೆ ಮಧ್ಯಾಹ್ನದ ಮೇಲೆ ಮಕ್ಕಳಿಗೆ ಓದಿಸೋದು ನನ್ನ ಕೆಲಸ. ಕೆಲಸದ ಬಗ್ಗೆ ಏನೂ ತಕರಾರಿಲ್ಲ, ಮಕ್ಕಳು ಹೊಂದ್ಕೊಂಡಿದಾರೆ, ಟೀಚರ್ಸೂ ಸರಿ ಇದಾರೆ. ಕಷ್ಟ ಶುರುವಾಗೋದು ಸಂಜೆ ಮನೆಗೆ ವಾಪಸ್ ಬಂದ್ಮೇಲೆ.

ನನಗೆ ಇರೋಕೆ ಅಂತ ಕೊಟ್ಟಿರೋದು ಅಲ್ಲಿನ ಒಂದು ಕುಟುಂಬದ ಮನೆ, ಅದಕ್ಕೇ ಹೋಸ್ಟ್ ಫ್ಯಾಮಿಲಿ ಅನ್ನೋದು. ಮನೇಲಿ ಗಂಡ ಹೆಂಡತಿ, ಒಂಬತ್ತು ವರ್ಷದ ಹುಡುಗಿ, ಅವಳ ತಮ್ಮ, ಮತ್ತೆ ಅಜ್ಜಿ. ತುಂಬಾ ಒಳ್ಳೆಯವರು, ಅದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದಿಂದು ಓದಿದ್ರೆ ಅವರ ಮೇಲೆ ದೂರು ಹೇಳ್ತಿದೀನಿ ಅನ್ನಿಸಬಹುದು. ದೂರಲ್ಲ. ಅವರು ಇಷ್ಟು ಚೆನ್ನಾಗಿ ನೋಡ್ಕೊಳ್ಳೋದೇ ನನಗೆ ಭಾರ ಆಗ್ತಿದೆ.

ಅಡುಗೆಮನೆಗೆ ಕಾಲಿಟ್ರೆ ಸಾಕು, ಮನೆಯಮ್ಮ ನನ್ನ ಭುಜ ಹಿಡಿದು ಕರ್ಕೊಂಡು ಬಂದು ಕುರ್ಚಿ ಮೇಲೆ ಕೂರಿಸ್ತಾರೆ. ಹೆಲ್ಪ್ ಮಾಡ್ಲಾ ಅಂತ ದಿನಾ ಕೇಳ್ತೀನಿ, ದಿನಾ ಬೇಡ ಬೇಡ ಅಂತಾರೆ. ನಾನು ತಿಂದ ತಟ್ಟೇನೂ ಕೈಯಿಂದ ತಗೊಂಡು ಹೋಗ್ಬಿಡ್ತಾರೆ. ಆಮೇಲೆ ನಾನು ಮಲಗೋ ರೂಮ್ ಆ ಹುಡುಗೀದು ಅಂತ ಎರಡು ವಾರ ಕಳೆದ್ಮೇಲೆ ಗೊತ್ತಾಯ್ತು, ಬಾಗಿಲ ಪಕ್ಕದ ಗೋಡೆ ಮೇಲೆ ಅವಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳಿವೆ, ಒಂದೊಂದರ ಪಕ್ಕನೂ ತಾರೀಖು. ಅವಳೀಗ ಅಜ್ಜಿ ಜೊತೆ ಮಲಗ್ತಾಳೆ. ಯಾರೂ ನನಗೆ ಹೇಳಿರಲಿಲ್ಲ. ಅವತ್ತಿಂದ ಆ ರೂಮಲ್ಲಿ ಲೈಟ್ ಹಾಕೋಕೂ ಸಂಕೋಚ.

ಶಾಲೆಯಿಂದ ಬರೋ ಹೊತ್ತಿಗೆ ತಲೆ ಪೂರ್ತಿ ಖಾಲಿ ಆಗಿರುತ್ತೆ, ಅರ್ಧ ಗಂಟೆ ಬಾಗಿಲು ಹಾಕ್ಕೊಂಡು ಮಲಗಿದ್ರೆ ಸಾಕು ಅನ್ಸುತ್ತೆ, ಆದ್ರೆ ಬಾಗಿಲು ಹಾಕಿದ ಹತ್ತು ನಿಮಿಷಕ್ಕೆ ಅಜ್ಜಿ ಬಂದು ತಟ್ಟಿ ಮುಖ ನೋಡಿ ಏನೋ ಕೇಳ್ತಾರೆ. ಹುಷಾರಿಲ್ವಾ, ಬೇಜಾರಾ ಅಂತ ಇರಬೇಕು. ನಾನು ಇಲ್ಲ ಇಲ್ಲ ಅಂತ ತಲೆ ಆಡಿಸಿ ಹೊರಗೆ ಬಂದು ಕೂತ್ಕೋತೀನಿ.

ಊಟದ ಹೊತ್ತು ಇನ್ನೂ ಕಷ್ಟ. ಎಲ್ಲರೂ ಒಟ್ಟಿಗೆ ಕೂತು ಮಾತಾಡ್ತಾರೆ, ಜೋರಾಗಿ ನಗ್ತಾರೆ, ನನಗೆ ಹತ್ತು ಮಾತಲ್ಲಿ ಮೂರು ಅರ್ಥ ಆಗುತ್ತೆ. ಅವರು ನಕ್ಕಾಗ ನಾನೂ ನಗ್ತೀನಿ. ಹೋದ ವಾರ ಅಜ್ಜಿ ಏನೋ ಹೇಳಿದ್ರು, ನಾನು ಅಭ್ಯಾಸಬಲದಿಂದ ನಕ್ಕೆ, ಎಲ್ಲರೂ ಸುಮ್ಮನಾಗ್ಬಿಟ್ರು. ಆಮೇಲೆ ಹುಡುಗಿ ಬಂದು ನಿಧಾನಕ್ಕೆ ಬಿಡಿಸಿ ಹೇಳಿದ್ಮೇಲೆ ಗೊತ್ತಾಯ್ತು, ತೀರ್ಕೊಂಡ ತನ್ನ ತಮ್ಮನ ವಿಷಯ ಅಜ್ಜಿ ಹೇಳ್ತಿದ್ರಂತೆ. ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಇನ್ನೂ ಅಜ್ಜಿ ಹತ್ರ ಆ ವಿಷಯ ಮಾತಾಡೋಕೆ ಆಗಿಲ್ಲ.

ನಮ್ಮ ಕೋಆರ್ಡಿನೇಟರ್ ಹತ್ರ ಸ್ವಲ್ಪ ಹೇಳ್ಕೊಂಡೆ. ಬೇಕಿದ್ರೆ ಮನೆ ಬದಲಾಯಿಸಿ ಕೊಡ್ತೀನಿ, ಬಾಡಿಗೆ ರೂಮ್ ಒಂದಿದೆ, ಒಬ್ಬಳೇ ಇರಬಹುದು ಅಂದ್ರು. ಕೇಳಿದ ತಕ್ಷಣ ಸಮಾಧಾನ ಆಯ್ತು, ಆಮೇಲೆ ಅದಕ್ಕೇ ನಾಚಿಕೆ ಆಯ್ತು. ಹೀಗೆ ಬೇರೆ ದೇಶದಲ್ಲಿ ಮನೆಯವರ ಜೊತೆ ಇದ್ದು ಬಂದಿರೋರು ಯಾರಾದ್ರೂ ಇದ್ರೆ ಹೇಳಿ, ಇದು ಸರಿ ಹೋಗುತ್ತಾ, ಅಥವಾ ಈಗಲೇ ಹೊರಡೋದು ಒಳ್ಳೇದಾ?

ಒಂಟಿ ಸೈಕಲ್

ನಿಮ್ಮ ಪೋಸ್ಟ್ ಎರಡು ಸಲ ಓದಿದೆ ತಂಗಿ. ನಾನು ಹದಿನಾಲ್ಕು ತಿಂಗಳು ಹೀಗೇ ಒಂದು ಮನೇಲಿದ್ದೆ, ಆರೋಗ್ಯ ಕೇಂದ್ರದಲ್ಲಿ ಕೆಲಸ. ಮೊದಲ ಎರಡು ತಿಂಗಳು ಬರೆದಿಟ್ಟ ಡೈರಿ ನೋಡಿದ್ರೆ ನೀವು ಬರೆದಿರೋದೇ ಇದೆ ಅದರಲ್ಲಿ.

ಅಡುಗೆಮನೆ ವಿಷಯಕ್ಕೆ ಬರ್ತೀನಿ, ನಾನು ಅಲ್ಲೇ ದೊಡ್ಡ ತಪ್ಪು ಮಾಡಿದ್ದು. ನನಗೂ ದಿನಾ ಬೇಡ ಅಂತಿದ್ರು. ಒಂದಿನ ರಾತ್ರಿ ಎಲ್ಲರೂ ಮಲಗಿದ್ಮೇಲೆ ನಾನೇ ಎದ್ದು ಸಿಂಕಲ್ಲಿದ್ದ ಪಾತ್ರೆ ಎಲ್ಲಾ ತೊಳೆದು, ಒಲೆ ಒರೆಸಿ, ಶೆಲ್ಫ್ ಜೋಡಿಸಿ ಮಲಗಿದೆ. ಬೆಳಿಗ್ಗೆ ಖುಷಿಪಡ್ತಾರೆ ಅಂದ್ಕೊಂಡಿದ್ದೆ. ಮನೆಯಾಕೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಎಷ್ಟೋ ದಿನ ಆದ್ಮೇಲೆ ಅವರ ತಂಗಿ ಹೇಳಿದ್ದು, ಮನೆ ಗಲೀಜಾಗಿದೆ ಅಂತ ಇವಳಿಗೆ ಅನ್ಸಿರಬೇಕು, ಅದಕ್ಕೇ ರಾತ್ರಿ ಕದ್ದು ಕ್ಲೀನ್ ಮಾಡಿದಾಳೆ ಅಂತ ಆಕೆ ಅಂದ್ಕೊಂಡಿದ್ರಂತೆ. ನನಗೆ ಕನಸಲ್ಲೂ ಹಾಗೆ ಹೊಳೆದಿರಲಿಲ್ಲ.

ಅದಾದ್ಮೇಲೆ ಗೊತ್ತಾಗಿದ್ದು ಏನಂದ್ರೆ, ಹೆಲ್ಪ್ ಮಾಡ್ಲಾ ಅಂತ ಕೇಳಿದ್ರೆ ಯಾವ ದೇಶದ ಯಾವ ಮನೆಯೋರೂ ಬೇಡ ಅಂತಾನೇ ಹೇಳೋದು. ಆ ಪ್ರಶ್ನೆಗೆ ಬೇರೆ ಉತ್ತರ ಇಲ್ಲ. ಅದರ ಬದಲು, ಇದನ್ನ ನನಗೆ ಕಲಿಸ್ಕೊಡಿ ಅಂತ ಕೇಳಿ. ಕಲಿಸೋಕೆ ಯಾರೂ ಬೇಡ ಅನ್ನಲ್ಲ. ನಾಲ್ಕು ದಿನ ಪಕ್ಕದಲ್ಲಿ ನಿಂತು ನೋಡಿ, ಯಾವ ಚಾಕು ಯಾವುದಕ್ಕೆ, ಯಾವ ಬಟ್ಟೆ ಕೈಗೆ ಯಾವುದು ಪಾತ್ರೆಗೆ, ಉಳಿದ ಊಟ ಎಲ್ಲಿಡ್ತಾರೆ ಅಂತ. ಆಮೇಲೆ ಒಂದೇ ಒಂದು ಕೆಲಸ ಹಿಡ್ಕೊಳ್ಳಿ, ಚಿಕ್ಕದು, ದಿನಾ ಅದೇ ಹೊತ್ತಿಗೆ. ನಾನು ಊಟಕ್ಕೆ ಮುಂಚೆ ಟೇಬಲ್ ಮೇಲೆ ನೀರು ಲೋಟ ಇಡೋ ಕೆಲಸ ಹಿಡ್ಕೊಂಡೆ. ಮೂರನೇ ವಾರಕ್ಕೆ ಒಂದಿನ ನಾನು ಮರೆತೆ, ಚಿಕ್ಕ ಹುಡುಗ ನನ್ನ ಹೆಸರು ಹಿಡಿದು ಕೂಗಿ ನೀರೆಲ್ಲಿ ಅಂದ. ಅವತ್ತು ನನಗಾದ ಖುಷಿ ಹೇಳೋಕಾಗಲ್ಲ, ಯಾಕಂದ್ರೆ ನೆಂಟರನ್ನ ಯಾರೂ ಹಾಗೆ ಕೇಳಲ್ಲ.

ಭಾಷೆ ವಿಷಯ. ಐದು ವಾರಕ್ಕೆ ಹತ್ತರಲ್ಲಿ ಮೂರು ಮಾತು ಅರ್ಥ ಆಗ್ತಿದೆ ಅಂದ್ರೆ ಕಡಿಮೆ ಅಲ್ಲ ರೀ. ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಅಂತ ಇದೆ, ಅವರ ರಾಜತಾಂತ್ರಿಕರಿಗೆ ಭಾಷೆ ಕಲಿಸೋ ಜಾಗ. ಇಂಗ್ಲಿಷ್ ಮಾತಾಡೋರಿಗೆ ಸ್ಪ್ಯಾನಿಷ್‌ನಂಥ ಹತ್ತಿರದ ಭಾಷೆಗೇ 600ರಿಂದ 750 ಗಂಟೆ ಕ್ಲಾಸ್ ಬೇಕು ಅಂತ ಅವರ ಲೆಕ್ಕ, ಅರಬ್ಬಿ, ಜಪಾನಿ, ಕೊರಿಯನ್ ಥರದ್ದಕ್ಕೆ 2200 ಗಂಟೆ. ಅದೂ ಬೇರೆ ಕೆಲಸ ಇಲ್ಲದೆ ಕೂತು ಕಲಿಯೋರಿಗೆ. ನೀವು ದಿನ ಪೂರ್ತಿ ಕೆಲಸ ಮಾಡಿ ಸಂಜೆ ಐದು ಜನ ಒಟ್ಟಿಗೆ ಮಾತಾಡೋದನ್ನ ಹಿಡಿಯೋಕೆ ನೋಡ್ತಿದೀರ, ಅದು ಎಲ್ಲಕ್ಕಿಂತ ಕಷ್ಟದ ಪರೀಕ್ಷೆ. ತಲೆ ಖಾಲಿ ಆಗೋದು ಅದಕ್ಕೇ, ಮನೆಯೋರಿಂದ ಅಲ್ಲ.

ಗುಂಪಲ್ಲಿ ಕಲಿಯೋಕೆ ಹೋಗ್ಬೇಡಿ, ಒಬ್ಬೊಬ್ಬರ ಜೊತೆ ಕಲೀರಿ. ಆ ಒಂಬತ್ತು ವರ್ಷದ ಹುಡುಗಿ ಇದಾಳಲ್ಲ, ಅವಳಿಗಿಂತ ಒಳ್ಳೆ ಮೇಷ್ಟ್ರು ಸಿಗಲ್ಲ ನಿಮಗೆ, ತಪ್ಪು ಮಾಡಿದ್ರೆ ಮುಖ ನೋಡದೆ ತಿದ್ದುತ್ತವೆ ಮಕ್ಕಳು. ಮತ್ತೆ ಇನ್ಮೇಲೆ ಅರ್ಥ ಆಗದೆ ನಗಬೇಡಿ. ಇದೊಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ ಅನ್ನೋ ಮಾತನ್ನ ಅವರ ಭಾಷೇಲಿ ಬಾಯಿಪಾಠ ಮಾಡ್ಕೊಂಡು ದಿನಕ್ಕೆ ಮೂವತ್ತು ಸಲ ಹೇಳಿ. ಅಜ್ಜಿ ಹತ್ರ ಹೋಗಿ ಕ್ಷಮೆ ಕೇಳೋಕೂ ಎರಡೇ ಸಾಲು ಸಾಕು: ಅವತ್ತು ನನಗೆ ಅರ್ಥ ಆಗಿರಲಿಲ್ಲ, ನಿಮ್ಮ ತಮ್ಮನ ಬಗ್ಗೆ ಅಂತ ಆಮೇಲೆ ಗೊತ್ತಾಯ್ತು. ಅಷ್ಟೇ. ಹುಡುಗಿ ಹತ್ರ ಬರೆಸ್ಕೊಳ್ಳಿ.

ಮೂರನೇ ಮನೆ

ನಾನು ಇನ್ನೊಂದು ಕಡೆಯಿಂದ ಬರೀತೀನಿ. ನಾನೂ ನನ್ನ ಹೆಂಡತಿನೂ ತುಂಬಾ ವರ್ಷದಿಂದ ಹೊರಗಿದೀವಿ, ನಮ್ಮ ಮನೇಲಿ ಇದುವರೆಗೂ ಆರು ಜನ ವಾಲಂಟಿಯರ್ಸ್ ಇದ್ದು ಹೋಗಿದಾರೆ, ಬೇರೆಬೇರೆ ದೇಶದವರು. ಅಂದ್ರೆ ನಿಮ್ಮ ಮನೆಯಮ್ಮನ ಜಾಗದಲ್ಲಿ ನಾವಿದ್ವಿ.

ಮೊದಲನೇದು, ಮೊದಲ ವಾರಗಳಲ್ಲಿ ಮನೆಯೋರೂ ನಿಮ್ಮಷ್ಟೇ ಸುಸ್ತಾಗಿರ್ತಾರೆ. ನಮ್ಮ ಮನೆಗೆ ಮೊದಲನೇ ಹುಡುಗ ಬಂದಾಗ ನಾವು ಒಂದು ತಿಂಗಳು ಮನೇಲಿ ಜೋರಾಗಿ ಜಗಳಾನೂ ಆಡ್ಲಿಲ್ಲ, ಅವನು ಏನಂದ್ಕೋತಾನೋ ಅಂತ. ಅವನು ಸರಿಯಾಗಿ ತಿಂದನಾ, ಚಳಿ ಆಗುತ್ತಾ, ಮುಖ ಯಾಕೆ ಹಾಗಿದೆ, ರಾತ್ರಿ ನಾವಿಬ್ಬರೂ ಇದನ್ನೇ ಮಾತಾಡ್ತಿದ್ವಿ. ನಿಮ್ಮ ಅಜ್ಜಿ ಬಾಗಿಲು ತಟ್ಟೋದು ಅದಕ್ಕೇ. ಬಾಗಿಲು ಮುಚ್ಚಿದ್ರೆ ಒಳಗೆ ಏನಾಗ್ತಿದೆ ಅಂತ ಹೊರಗಿರೋರಿಗೆ ಗೊತ್ತಾಗಲ್ಲ, ಮನಸ್ಸು ಕೆಟ್ಟದ್ದನ್ನೇ ಯೋಚಿಸುತ್ತೆ. ಬಾಗಿಲು ಹಾಕೋಕೆ ಮುಂಚೆ ಅಜ್ಜಿ ಹತ್ರ ಹೋಗಿ, ನಾನು ಒಂದು ಗಂಟೆ ಮಲಗ್ತೀನಿ, ಆಮೇಲೆ ಬರ್ತೀನಿ ಅಂತ ಒಂದು ಮಾತು ಹೇಳಿ. ಗಡಿಯಾರ ತೋರಿಸಿ ಬೇಕಾದ್ರೆ. ಆಮೇಲೆ ಹೇಳಿದ ಹೊತ್ತಿಗೆ ಸರಿಯಾಗಿ ಹೊರಗೆ ಬನ್ನಿ. ಒಂದು ವಾರ ಹೀಗೆ ಮಾಡಿದ್ರೆ ತಟ್ಟೋದು ನಿಲ್ಲುತ್ತೆ. ಬಾಗಿಲು ಮುಚ್ಚೋದು ನಿಮ್ಮ ಹಕ್ಕು ಕಣಮ್ಮ, ತಪ್ಪೇನಿಲ್ಲ, ಹೇಳದೆ ಮುಚ್ಚೋದರಿಂದ ಅವರಿಗೆ ಗಾಬರಿ.

ರೂಮ್ ವಿಷಯ ಓದಿ ನನಗೆ ನಮ್ಮ ಮಗಳು ನೆನಪಾದಳು. ನಮ್ಮಲ್ಲೂ ಹಾಗೇನೇ, ಅವಳ ರೂಮ್ ಬಿಟ್ಟುಕೊಡ್ತಿದ್ದಿದ್ದು. ಅವಳಿಗೆ ಬೇಜಾರಾಗಿದ್ದು ರೂಮ್ ಹೋಯ್ತು ಅಂತಲ್ಲ, ಒಳಗೆ ಹೋಗೋಕೆ ಕೇಳ್ಬೇಕಲ್ಲ ಅಂತ. ನಾಲ್ಕನೇದಾಗಿ ಬಂದಿದ್ದ ಹುಡುಗಿ ತುಂಬಾ ಜಾಣೆ, ಬಂದ ವಾರಾನೇ ಕೆಳಗಿನ ಡ್ರಾಯರ್ ಖಾಲಿ ಮಾಡಿ ಇದು ನಿಂದೇ, ಯಾವಾಗ ಬೇಕಾದ್ರೂ ಬಾ ಅಂದಳು. ನಮ್ಮ ಮಗಳು ಅದರಲ್ಲಿ ತನ್ನ ಬಣ್ಣದ ಪೆನ್ಸಿಲ್ಲು, ಮುರಿದ ಬಳೆ, ಏನೇನೋ ತುಂಬಿಸ್ಕೊಂಡಳು. ಅವರಿಬ್ಬರೂ ಇವತ್ತಿಗೂ ಕಾಲ್ ಮಾಡ್ಕೋತಾರೆ. ನೀವೂ ಲೈಟ್ ಹಾಕದೆ ಕೂರೋದು ಬಿಟ್ಟು ಇಂಥದ್ದೇನಾದ್ರೂ ಮಾಡಿ. ಗೋಡೆ ಮೇಲಿನ ಗೆರೆ ಇದೆಯಲ್ಲ, ಮುಂದಿನ ಗೆರೆ ಎಳೆಯೋ ದಿನ ಬಂದಾಗ ಅವಳಿಗೇ ಹೇಳಿ ಒಳಗೆ ಕರೀರಿ.

ಇನ್ನೊಂದು ಮಾತು, ಸ್ವಲ್ಪ ನೋವಿನ ವಿಷಯ. ನಮ್ಮ ಮನೇಲಿ ಇದ್ದ ಒಬ್ಬರು ಐದು ತಿಂಗಳು ಎಲ್ಲದಕ್ಕೂ ಚೆನ್ನಾಗಿದೆ, ಸರಿ ಇದೆ, ಪರವಾಗಿಲ್ಲ ಅಂತಾನೇ ಇದ್ರು. ಹೋದ್ಮೇಲೆ ಅವರನ್ನ ಕಳಿಸಿದ್ದ ಸಂಸ್ಥೆಯಿಂದ ನಮಗೆ ಪತ್ರ ಬಂತು, ಸ್ನಾನಕ್ಕೆ ಬಿಸಿನೀರು ಸಾಕಾಗ್ತಿರಲಿಲ್ಲ, ಊಟ ತಡ ಆಗ್ತಿತ್ತು, ಬೆಳಿಗ್ಗೆ ಟಿವಿ ಸದ್ದು ಜಾಸ್ತಿ ಅಂತ. ಒಂದೊಂದೂ ಒಂದೇ ದಿನದಲ್ಲಿ ಸರಿ ಮಾಡಬಹುದಾಗಿತ್ತು. ನನ್ನ ಹೆಂಡತಿ ಆ ಪತ್ರ ಓದಿ ಅತ್ತಳು. ಅದಕ್ಕೇ ಕೇಳ್ಕೋತೀನಿ, ಏನಿದ್ರೂ ಮೊದಲೇ ಹೇಳಿ. ನೀವು ತಿನ್ನದೇ ಇರೋ ಪದಾರ್ಥ ಇದ್ರೆ ಹೇಳಿ, ಸ್ನಾನ ಯಾವಾಗ ಮಾಡಿದ್ರೆ ಅವರಿಗೆ ಅನುಕೂಲ ಅಂತ ಕೇಳಿ, ಬಟ್ಟೆ ಯಾರು ಒಗೀಬೇಕು ಅಂತ ಕೇಳಿ, ಬರೋದು ತಡ ಆಗೋದಾದ್ರೆ ಮೆಸೇಜ್ ಹಾಕಿ, ಅದರಲ್ಲೂ ಊಟಕ್ಕೆ ಕಾಯ್ಬೇಡಿ ಅನ್ನೋದನ್ನ ಮರೀಬೇಡಿ, ಮನೆಯೋರಿಗೆ ಅತಿ ಹೆಚ್ಚು ಕಿರಿಕಿರಿ ಆಗೋದು ಅಲ್ಲೇ.

ದುಡ್ಡಿನ ಸಂಕೋಚ ಇದ್ರೆ, ನಿಮ್ಮ ಸಂಸ್ಥೆ ಮನೆಯೋರಿಗೆ ಏನಾದ್ರೂ ಕೊಡುತ್ತಾ ಅಂತ ಕೋಆರ್ಡಿನೇಟರ್ ಹತ್ರ ಕೇಳ್ಕೊಳ್ಳಿ. ಕೆಲವು ಕಡೆ ಊಟ, ಕರೆಂಟ್ ಖರ್ಚಿಗೆ ಅಂತ ಕೊಡ್ತಾರೆ, ಕೆಲವು ಕಡೆ ಏನೂ ಕೊಡಲ್ಲ. ಯಾವುದು ಅಂತ ಗೊತ್ತಿದ್ರೆ ನಿಮಗೆ ನಡ್ಕೊಳ್ಳೋದು ಸುಲಭ.

ಕಡಲಂಚು

ಎಲ್ಲರೂ ಇರಿ ಇರಿ ಅಂತಿದಾರೆ, ನಾನು ಮನೆ ಬದಲಾಯಿಸಿದವಳು, ನನ್ನ ಮಾತೂ ಇರ್ಲಿ. ನನ್ನ ಹೋಸ್ಟ್ ಫ್ಯಾಮಿಲಿಯವರೂ ಒಳ್ಳೆಯವರೇ. ಆದ್ರೆ ಮನೆ ತುಂಬಾ ಚಿಕ್ಕದು, ನನಗೆ ರೂಮ್ ಇರಲಿಲ್ಲ, ಹಾಲ್‌ನಲ್ಲಿ ಪರದೆ ಕಟ್ಟಿ ಜಾಗ ಮಾಡಿದ್ರು. ರಾತ್ರಿ ಹನ್ನೊಂದರವರೆಗೂ ಯಾರಾದ್ರೂ ಓಡಾಡ್ತಿದ್ರು. ಮೂರು ತಿಂಗಳು ಸರಿಯಾಗಿ ನಿದ್ದೆ ಇಲ್ಲದೆ ಕೆಲಸದಲ್ಲೂ ತಪ್ಪು ಮಾಡೋಕೆ ಶುರು ಮಾಡಿದೆ, ನಾನಿದ್ದದ್ದು ಅಂಗವಿಕಲ ಮಕ್ಕಳ ಕೇಂದ್ರ, ಅಲ್ಲಿ ತಪ್ಪಾದ್ರೆ ಅನುಭವಿಸೋದು ಮಕ್ಕಳು. ಅದಕ್ಕೇ ಬಿಟ್ಟೆ. ಅವರಿಗೆ ನಾನೇ ಕೂತು ಹೇಳಿದೆ, ಕೋಆರ್ಡಿನೇಟರ್ ಬಾಯಲ್ಲಿ ಹೇಳಿಸ್ಲಿಲ್ಲ. ನಿದ್ದೆ ಆಗ್ತಿಲ್ಲ, ನಿಮ್ಮಿಂದ ಅಲ್ಲ ಅಂದೆ. ಅವರಿಗೆ ನೋವಾಯ್ತು, ಸುಳ್ಳು ಹೇಳಲ್ಲ. ಆದ್ರೆ ಆಮೇಲೂ ಪ್ರತಿ ಭಾನುವಾರ ಹೋಗ್ತಿದ್ದೆ, ಹೊರಡೋ ದಿನ ಬಸ್ ಹತ್ತಿಸೋಕೆ ಬಂದಿದ್ದು ಅವರೇ.

ಬೆಳ್ಳಕ್ಕಿ ಅವರೇ, ನಿಮಗೆ ರೂಮಿದೆ, ಬಾಗಿಲಿದೆ, ಪ್ರೀತಿ ಮಾಡೋ ಜನ ಇದಾರೆ. ನನ್ನ ಕಥೆ ಬೇರೆ. ಆದ್ರೂ ಹೋಗೋದೇ ಆದ್ರೆ ಅದಕ್ಕೆ ನಾಚಿಕೆ ಪಡ್ಬೇಡಿ ಅಷ್ಟೇ.

ದಾರಿದೀಪ

ನಾನು ವಾಲಂಟಿಯರ್‌ಗಳನ್ನ ಮನೆಗಳಿಗೆ ಸೇರಿಸೋ ಕೆಲಸ ಎಂಟು ವರ್ಷ ಮಾಡಿದೀನಿ, ಮೇಲೆ ಬರೆದವರೆಲ್ಲ ಅನುಭವದಿಂದ ಒಳ್ಳೆ ಮಾತು ಹೇಳಿದಾರೆ, ನಾನು ಎರಡು ಮೂರು ವಿಷಯ ಸೇರಿಸ್ತೀನಿ.

ಹೊಸ ದೇಶದ ರೀತಿನೀತಿ ಮಧ್ಯೆ ಆಗೋ ಗೊಂದಲ, ಬೇಜಾರಿಗೆ ಕಲ್ಚರ್ ಶಾಕ್ ಅಂತ ನಾವೆಲ್ಲ ಬಾಯ್ಮಾತಿಗೆ ಹೇಳ್ತೀವಲ್ಲ, ಅದನ್ನ ಹಂತಹಂತವಾಗಿ ಬಿಡಿಸಿಟ್ಟಿದ್ದು ಕಾಲೆರ್ವೊ ಓಬರ್ಗ್ ಅನ್ನೋ ಮಾನವಶಾಸ್ತ್ರಜ್ಞ, 1960ರ ಲೇಖನದಲ್ಲಿ. ಮೊದಲು ಎಲ್ಲಾ ಚೆಂದ ಕಾಣುತ್ತೆ, ಆಮೇಲೆ ಎಲ್ಲದರ ಮೇಲೂ ಸಿಟ್ಟು ಬರುತ್ತೆ, ಆಮೇಲೆ ನಿಧಾನಕ್ಕೆ ದಾರಿ ಸಿಗುತ್ತೆ ಅಂತ. ಅದಕ್ಕೂ ಮುಂಚೆ 1955ರಲ್ಲಿ ನಾರ್ವೆಯ ಲಿಸ್ಗಾರ್ಡ್ ಅನ್ನೋರು, ಅಮೆರಿಕದಲ್ಲಿದ್ದು ಬಂದ ಸುಮಾರು 200 ಜನ ನಾರ್ವೆಯವರನ್ನ ಕೇಳಿ, ಮನಸ್ಸು ಮೇಲಿಂದ ಕೆಳಗಿಳಿದು ಮತ್ತೆ ಮೇಲೇಳುತ್ತೆ ಅಂದಿದ್ರು, ಅದನ್ನೇ ಯು ಆಕಾರದ ಗೆರೆ ಅಂತ ಎಲ್ಲಾ ಟ್ರೈನಿಂಗಲ್ಲೂ ಬೋರ್ಡ್ ಮೇಲೆ ಬರೀತಾರೆ. ನಾನೂ ಬರೀತಿದ್ದೆ. ಆದ್ರೆ ಈಗ ಅದನ್ನ ಅಷ್ಟು ನಂಬಲ್ಲ. 1998ರಲ್ಲಿ ಕಾಲೀನ್ ವಾರ್ಡ್ ಮತ್ತೆ ಅವರ ಜೊತೆಯವರು ನ್ಯೂಜಿಲೆಂಡಿಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನ ಬಂದಾಗಿಂದ ಒಂದು ವರ್ಷ ನೋಡ್ತಾ ಹೋದ್ರು, ಅವರಿಗೆ ಅತಿ ಕಷ್ಟ ಆಗಿದ್ದು ಬಂದ ಹೊಸದರಲ್ಲೇ. ಮೊದಲು ಹನಿಮೂನ್ ಆಮೇಲೆ ಕಷ್ಟ ಅಂತ ಇರಲಿಲ್ಲ. ನನ್ನ ಕೆಲಸದಲ್ಲೂ ನಾನು ಹೆಚ್ಚು ನೋಡಿದ್ದು ಇದನ್ನೇ. ಎಲ್ಲರೂ ಮೊದಲ ತಿಂಗಳು ಖುಷಿಯಾಗಿರ್ತಾರಂತೆ, ನನಗೆ ಮಾತ್ರ ಹೀಗ್ಯಾಕೆ ಅಂತ ಎಷ್ಟೋ ಮಕ್ಕಳು ನನ್ನ ಹತ್ರ ಅತ್ತಿದಾರೆ, ಬೋರ್ಡ್ ಮೇಲಿನ ಆ ಗೆರೆ ನೋಡಿ. ಹಾಗೇನೂ ಕಾನೂನಿಲ್ಲ.

ಮನೆಯವರ ಜೊತೆ ಇಡೋದು ಬರೀ ದುಡ್ಡು ಉಳಿಸೋಕಲ್ಲ. ಬೇರೆ ದೇಶಗಳಿಗೆ ವಾಲಂಟಿಯರ್‌ಗಳನ್ನ ಕಳಿಸೋ ಅಮೆರಿಕ ಸರ್ಕಾರದ ಪೀಸ್ ಕೋರ್ 1961ರಲ್ಲಿ ಶುರುವಾಗಿದ್ದು, ಅವರ ವಾಲಂಟಿಯರ್‌ಗಳ ಅವಧಿ 27 ತಿಂಗಳು, ಅದರಲ್ಲಿ ಮೊದಲ ಮೂರು ತಿಂಗಳು ತರಬೇತಿ, ಆ ತರಬೇತಿ ಹೊತ್ತಲ್ಲಿ ಸಾಮಾನ್ಯವಾಗಿ ಅಲ್ಲಿನ ಒಂದು ಮನೇಲೇ ಇರಿಸ್ತಾರೆ. ಕ್ಲಾಸಲ್ಲಿ ಕಲಿಯೋ ಭಾಷೆ ಬೇರೆ, ಸಾಬೂನು ಖಾಲಿಯಾಗಿದೆ ಅಂತ ಹೇಳೋ ಭಾಷೆ ಬೇರೆ. ಜರ್ಮನಿಯಲ್ಲೂ ವೆಲ್ಟ್‌ವೆರ್ಟ್ಸ್ ಅಂತ 2008ರಲ್ಲಿ ಶುರುವಾದ, ಯುವಜನರನ್ನ ಹೊರದೇಶಕ್ಕೆ ವಾಲಂಟಿಯರ್ ಆಗಿ ಕಳಿಸೋ ಕಾರ್ಯಕ್ರಮ ಇದೆ, ಅದರಲ್ಲಿ 25 ದಿನ ಸೆಮಿನಾರ್ ಕಡ್ಡಾಯ, ಹೋಗೋಕೆ ಮುಂಚೆ, ಮಧ್ಯದಲ್ಲಿ, ವಾಪಸ್ ಬಂದ್ಮೇಲೂ. ಅಂದ್ರೆ ಹೊಂದ್ಕೊಳ್ಳೋದಕ್ಕೆ ಕಲಿಸಬೇಕು, ಅದು ತಾನಾಗೇ ಬರಲ್ಲ ಅಂತ ಅವರಿಗೂ ಗೊತ್ತು. ನಿಮ್ಮ ಕೋಆರ್ಡಿನೇಟರ್ ಒಂದೇ ಏಟಿಗೆ ಮನೆ ಬದಲಾಯಿಸಿ ಕೊಡ್ತೀನಿ ಅಂದಿದ್ದು ಒಳ್ಳೆ ಮನಸ್ಸಿಂದಾನೇ ಇರಬಹುದು, ಆದ್ರೆ ಅದಕ್ಕೂ ಮುಂಚೆ ಮಾಡೋ ಕೆಲಸ ಒಂದಿದೆ. ಅವರನ್ನ ಮನೆಗೆ ಕರೀರಿ. ಮನೆಯಮ್ಮ, ನೀವು, ಅವರು, ಮೂರೇ ಜನ ಒಂದು ಗಂಟೆ ಕೂತ್ಕೊಳ್ಳಿ, ಅವರು ಎರಡೂ ಭಾಷೆ ಬಲ್ಲೋರಾದ್ರೆ ನಿಮ್ಮ ಮಾತು ಪೂರ್ತಿ ಅವರಿಗೆ ಮುಟ್ಟುತ್ತೆ. ಐದು ವಾರದಲ್ಲಿ ನೀವು ಆ ಮನೆಯಲ್ಲಿ ಒಂದು ಸಲಾನೂ ಮನಸ್ಸಲ್ಲಿರೋದನ್ನ ಪೂರ್ತಿ ಹೇಳೋಕೆ ಆಗಿಲ್ಲ ಅನ್ನೋದನ್ನ ಮರೀಬೇಡಿ. ನಾನು ಮಾಡಿಸಿದ ಇಂಥ ಮಾತುಕತೆಗಳಲ್ಲಿ ಮನೆಯೋರ ಬಾಯಿಂದ ಹೆಚ್ಚು ಸಲ ಬಂದ ಮಾತು, ನಮ್ಮ ಮನೆ ಇವರಿಗೆ ಇಷ್ಟ ಆಗಿಲ್ಲ ಅಂದ್ಕೊಂಡಿದ್ವಿ ಅನ್ನೋದು.

ಇದು ಬೆಳ್ಳಕ್ಕಿಗೆ ಅಲ್ಲ, ಇದನ್ನ ಓದ್ತಿರೋ ಬೇರೆಯವರಿಗೆ. ಹೊಂದ್ಕೊಳ್ಳಿ ಅನ್ನೋ ಮಾತು ಕೆಲವು ಕಡೆ ನಡೆಯಲ್ಲ. ನಿಮ್ಮ ಪಾಸ್‌ಪೋರ್ಟ್ ಮನೆಯೋರು ತಗೊಂಡು ಇಟ್ಕೊಂಡಿದ್ರೆ, ರಾತ್ರಿ ಹೇಳದೆ ಕೇಳದೆ ಯಾರಾದ್ರೂ ರೂಮಿಗೆ ಬಂದ್ರೆ, ಮೈಮುಟ್ಟಿದ್ರೆ, ಊಟ ಕೊಡದೇ ಇದ್ರೆ, ಮತ್ತೆ ಮತ್ತೆ ದುಡ್ಡು ಕೇಳಿದ್ರೆ, ನಿಮ್ಮನ್ನ ವಾಲಂಟಿಯರ್ ಕೆಲಸ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದ್ರೆ, ಅದು ಸಂಸ್ಕೃತಿ ವ್ಯತ್ಯಾಸ ಅಲ್ಲ. ಅವತ್ತೇ ಹೊರಡಿ, ಎಲ್ಲಾದ್ರೂ ಸುರಕ್ಷಿತ ಜಾಗ ಸೇರ್ಕೊಂಡು ಆಮೇಲೆ ಫೋನ್ ಮಾಡಿ. ಸಂಸ್ಥೆಯೋರು ಫೋನ್ ಎತ್ತದಿದ್ರೆ ನಿಮ್ಮ ದೇಶದ ರಾಯಭಾರ ಕಚೇರಿ ಇದೆ, ಅದರ ನಂಬರ್ ಫೋನಲ್ಲೂ ಇರ್ಲಿ, ಒಂದು ಚೀಟಿ ಮೇಲೂ ಇರ್ಲಿ. ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್ ಕಾಪಿ ಊರಲ್ಲಿರೋ ಯಾರ ಹತ್ರಾನಾದ್ರೂ ಒಂದು ಸೆಟ್ ಇರಲೇಬೇಕು.

ಮತ್ತೆ ಒಂದು ಚಿಕ್ಕ ವಿಷಯ, ಆದ್ರೆ ನನಗೆ ದೊಡ್ಡದು. ಮನೆ ಮಕ್ಕಳ ಫೋಟೋ ತೆಗೆದು ಕೇಳದೆ ಆನ್‌ಲೈನ್ ಹಾಕಬೇಡಿ. ಅವರು ನಿಮ್ಮನ್ನ ಒಳಗೆ ಬಿಟ್ಟಿರೋದು ಮನೆಗೆ, ಆ ಮನೇನ ನೀವು ಊರಿಗೆಲ್ಲ ತೋರಿಸಬೇಕಂದ್ರೆ ಮೊದಲು ಅವರು ಹೂಂ ಅನ್ನಬೇಕು.

ಬೆಳ್ಳಕ್ಕಿ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಒಂದೊಂದೂ ಎರಡೆರಡು ಸಲ ಓದಿದೆ. ಒಂಟಿ ಸೈಕಲ್ ಅಕ್ಕ, ನೀವು ರಾತ್ರಿ ಎದ್ದು ಪಾತ್ರೆ ತೊಳೆದ ಕಥೆ ಓದಿ ಮೈ ಜುಂ ಅಂತು, ಯಾಕಂದ್ರೆ ನಾನು ಈ ಶನಿವಾರ ಅದನ್ನೇ ಮಾಡ್ಬೇಕು ಅಂದ್ಕೊಂಡಿದ್ದೆ.

ಒಂದು ಪ್ರಶ್ನೆ ಉಳೀತು. ನಾನು ದಿನಾ ರಾತ್ರಿ ಊರಿಗೆ ಫೋನ್ ಮಾಡ್ತೀನಿ, ಒಂದು ಗಂಟೆ, ಕೆಲವು ಸಲ ಒಂದೂವರೆ. ಅಮ್ಮ ಕಾಯ್ತಿರ್ತಾರೆ. ಇದು ಕಡಿಮೆ ಮಾಡ್ಬೇಕಾ? ಕೋಆರ್ಡಿನೇಟರ್ ಒಂದ್ಸಲ ಹೇಳಿದ್ರು ಕಡಿಮೆ ಮಾಡು ಅಂತ, ಆದ್ರೆ ಇಡೀ ದಿನದಲ್ಲಿ ಪೂರ್ತಿ ವಾಕ್ಯ ಮಾತಾಡೋದು ಆ ಒಂದು ಗಂಟೆಲಿ ಮಾತ್ರ.

ಒಂಟಿ ಸೈಕಲ್

ನಿಲ್ಲಿಸಬೇಡಿ, ಹೊತ್ತು ಬದಲಾಯಿಸಿ. ನೀವು ಫೋನ್ ಮಾಡೋ ಹೊತ್ತು ಊಟ ಆದ್ಮೇಲೆ ಮನೆಯೋರು ಕೂತು ಹರಟೋ ಹೊತ್ತೇ ಆಗಿದ್ರೆ ಅದು ನಷ್ಟ, ಒಬ್ಬೊಬ್ಬರ ಜೊತೆ ಮಾತು ಹುಟ್ಟೋದು ಆ ಹೊತ್ತಲ್ಲೇ. ಶಾಲೆಯಿಂದ ಬರ್ತಾ ದಾರೀಲಿ ನಡೀತಾ ಮಾತಾಡಿ, ಅಥವಾ ಬೆಳಿಗ್ಗೆ. ನಾನು ದಿನಾ ಇದ್ದಿದ್ದನ್ನ ವಾರಕ್ಕೆ ಮೂರು ಮಾಡಿದೆ, ಉಳಿದ ದಿನ ವಾಯ್ಸ್ ಮೆಸೇಜ್ ಕಳಿಸ್ತಿದ್ದೆ. ನಮ್ಮಮ್ಮಂಗೂ ಅದೇ ಇಷ್ಟ ಆಯ್ತು, ಬೇಕಾದಾಗ ಮತ್ತೆ ಮತ್ತೆ ಕೇಳಬಹುದು ಅಂತ. ಇನ್ನೊಂದು, ಒಂದ್ಸಲ ವಿಡಿಯೋ ಕಾಲ್‌ನಲ್ಲಿ ನಿಮ್ಮಮ್ಮನ್ನ ಆ ಮನೆಯಮ್ಮಂಗೆ ತೋರಿಸಿ. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗಲ್ಲ, ಆದ್ರೂ ಮಾಡಿಸಿ. ನಮ್ಮಮ್ಮ ಕೈಮುಗಿದ್ರು, ಆಕೆ ನನ್ನ ತಲೆ ಸವರಿ ತೋರಿಸಿದ್ರು, ಅಷ್ಟೇ ಆಗಿದ್ದು. ಅವತ್ತಿಂದ ನನ್ನ ತಟ್ಟೆ ನಾನೇ ತೊಳೆಯೋಕೆ ಬಿಟ್ರು, ಯಾಕೆ ಅಂತ ನನಗಿವತ್ತಿಗೂ ಗೊತ್ತಿಲ್ಲ.

ಬೆಳ್ಳಕ್ಕಿ

ಹನ್ನೆರಡು ದಿನ ಆದ್ಮೇಲೆ ಬರೀತಿದೀನಿ, ಯಾರಾದ್ರೂ ಇನ್ನೂ ಈ ಕಡೆ ಬರ್ತಿದ್ರೆ.

ಅಜ್ಜಿ ಹತ್ರ ಹೋದೆ. ಹುಡುಗಿ ಬರೆದುಕೊಟ್ಟ ಎರಡು ಸಾಲು ಚೀಟೀಲಿ ಇತ್ತು, ಬಾಯಿಪಾಠ ಮಾಡಿದ್ದೆ, ಎದುರು ನಿಂತಾಗ ಮರೆತು ಚೀಟಿ ನೋಡ್ಕೊಂಡೇ ಓದಿದೆ. ಅವರು ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ. ಆಮೇಲೆ ನನ್ನ ಪಕ್ಕ ಕೂರಿಸ್ಕೊಂಡು ತುಂಬಾ ಹೊತ್ತು ತಮ್ಮನ ಬಗ್ಗೆ ಮಾತಾಡಿದ್ರು. ನದಿ, ದೋಣಿ, ಚಿಕ್ಕವನು ಅನ್ನೋ ಮಾತುಗಳು ಸಿಕ್ವು, ಉಳಿದಿದ್ದು ಸಿಗ್ಲಿಲ್ಲ. ನಾನು ನಗ್ಲಿಲ್ಲ, ತಲೇನೂ ಆಡಿಸ್ಲಿಲ್ಲ, ಅರ್ಥ ಆಗದ ಕಡೆ ನಿಲ್ಲಿಸಿ ಕೇಳಿದೆ. ಅವರು ಪ್ರತಿ ಸಲಾನೂ ಇನ್ನೊಂದ್ಸಲ ಹೇಳಿದ್ರು.

ಮಲಗೋಕೆ ಮುಂಚೆ ಹೇಳಿ ಹೋಗೋದು ಶುರು ಮಾಡಿದೀನಿ, ಈಗ ಯಾರೂ ತಟ್ಟಲ್ಲ. ಡ್ರಾಯರ್ ಖಾಲಿ ಮಾಡಿ ಕೊಟ್ಟೆ. ಅವಳು ಬಂದು ನೋಡಿ, ಮೇಲಿನ ಡ್ರಾಯರ್ ಬೇಕು, ಕೆಳಗಿಂದು ಜಾಮ್ ಆಗುತ್ತೆ ಅಂದಳು, ಬದಲಾಯಿಸಿ ಕೊಟ್ಟೆ.

ಕೋಆರ್ಡಿನೇಟರ್ ಬಂದು ಮನೆಯಮ್ಮನ ಜೊತೆ ಕೂರೋದು ಇನ್ನೂ ಆಗಿಲ್ಲ, ಮುಂದಿನ ಗುರುವಾರ ಅಂದಿದಾರೆ. ಅಡುಗೆಮನೆಯಿಂದ ಇನ್ನೂ ಹೊರಗೇ ಇದೀನಿ, ಕಲಿಸ್ಕೊಡಿ ಅಂತ ಕೇಳಿದೆ, ನಗ್ತಾ ನಾಳೆ ಅಂತಾರೆ, ಮೂರು ದಿನದಿಂದ ನಾಳೆ ಅಂತಾನೇ ಇದಾರೆ. ಕೇಳ್ತಾ ಇರ್ತೀನಿ. ಬಾಡಿಗೆ ರೂಮ್ ಸದ್ಯಕ್ಕೆ ಬೇಡ ಅಂತ ಹೇಳಿದೀನಿ.

ಮೂರನೇ ಮನೆ

ಗುರುವಾರ ಏನಾಯ್ತು ಅಂತ ಬರೀರಿ ಅಮ್ಮ. ನನ್ನ ಹೆಂಡತಿ ಕೇಳ್ತಿದಾಳೆ, ಗೋಡೆ ಮೇಲಿನ ಮುಂದಿನ ಗೆರೆ ಯಾವಾಗ ಎಳೀತಾರಂತೆ ಅಂತ.